ಹಳೆ ಪಿಕಪ್‌ಗೆ ಎಸಿ: ಹಾಕಿಸುವ ಮೊದಲು ತಿಳಿದಿರಬೇಕಾದ ಲೆಕ್ಕಾಚಾರ

ಕಾಸರಗೋಡಿನಿಂದ ಮಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 50 ಕಿಲೋಮೀಟರ್. ಬೆಳಗ್ಗಿನ ಜಾವ ದಕ್ಕೆಗೆ ಹೋಗಿ ಮೀನು ತುಂಬಿಸಿಕೊಂಡು ಬರುವವರು, ಮಾರ್ಕೆಟಿನಿಂದ ತರಕಾರಿ, ಹಣ್ಣು ತರುವವರು, ಅಡಿಕೆ, ಸಿಮೆಂಟ್, ಗುಜರಿ ಸಾಮಾನು ಸಾಗಿಸುವವರು ಹೀಗೆ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಎಷ್ಟೋ ಮನೆಗಳ ಅನ್ನ ಒಂದು ಪಿಕಪ್ ಗಾಡಿಯ ಮೇಲೆ ನಿಂತಿದೆ. ಅದರಲ್ಲಿ ಹೆಚ್ಚಿನವು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ ಹಳೆ ಗಾಡಿಗಳು. ಎಸಿ ಇಲ್ಲ. ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನದ ಹೊತ್ತು ಕ್ಯಾಬಿನ್ ಒಳಗೆ ಕೂತರೆ ಒಲೆ ಪಕ್ಕ ಕೂತ ಹಾಗೆ. ಹಾಗಾಗಿ "ಹಳೆ ಗಾಡಿಗೆ ಎಸಿ ಫಿಟ್ ಮಾಡಿಸಬಹುದಾ?" ಎಂಬ ಪ್ರಶ್ನೆ ಗ್ಯಾರೇಜುಗಳಲ್ಲಿ ಈಗ ಸಾಮಾನ್ಯ.

ಉತ್ತರ: ಕೆಲವು ಗಾಡಿಗಳಿಗೆ ಖಂಡಿತ ಆಗ್ತದೆ, ಕೆಲವಕ್ಕೆ ಹಾಕಿಸುವುದೇ ಬೇಡ. ಆಗುವ ಗಾಡಿಗಳಲ್ಲೂ ಎಸಿ ಎಂದರೆ ಬರೀ ಒಂದು ಕಂಪ್ರೆಸರ್ ಮತ್ತು ಗ್ಯಾಸ್ ಅಲ್ಲ. ರೇಡಿಯೇಟರ್, ಆಲ್ಟರ್ನೇಟರ್, ಬಾಗಿಲಿನ ರಬ್ಬರ್ ಎಲ್ಲ ಸರಿ ಇದ್ದರೆ ಮಾತ್ರ ಹಾಕಿದ ದುಡ್ಡಿಗೆ ತಂಪು ಸಿಗ್ತದೆ. ಇಲ್ಲದಿದ್ದರೆ ಎಸಿಯೂ ಹೋಯಿತು, ಎಂಜಿನ್ನೂ ಹೋಯಿತು ಎಂಬ ಸ್ಥಿತಿ.

ಕರಾವಳಿಯ ಸೆಕೆ ಯಾಕೆ ಬೇರೆ

ರಾಯಚೂರು, ಕಲಬುರಗಿಯ 42 ಡಿಗ್ರಿ ಬಿಸಿಲಿಗಿಂತ ಕರಾವಳಿಯ 34 ಡಿಗ್ರಿ ಸೆಕೆ ಕೆಲವೊಮ್ಮೆ ಹೆಚ್ಚು ಸುಸ್ತು ಮಾಡ್ತದೆ. ಕಾರಣ ಗಾಳಿಯಲ್ಲಿರುವ ತೇವಾಂಶ. ಬೆವರು ಆರಿದರೆ ಮಾತ್ರ ದೇಹ ತಂಪಾಗುವುದು. ಗಾಳಿಯಲ್ಲಿ ಮೊದಲೇ ನೀರಿನ ಅಂಶ ತುಂಬಿದ್ದರೆ ಬೆವರು ಆರುವುದಿಲ್ಲ, ಸುಮ್ಮನೆ ಇಳಿಯುತ್ತದೆ. ಇದೇ ಕಾರಣಕ್ಕೆ ನೀರು ಹಾಕುವ ಕೂಲರ್ ಒಳನಾಡಿನಲ್ಲಿ ಕೆಲಸ ಮಾಡಿದಷ್ಟು ಇಲ್ಲಿ ಮಾಡುವುದಿಲ್ಲ. ಕ್ಯಾಬಿನ್‌ಗೆಂದು ಮಾರುವ ಸಣ್ಣ ನೀರಿನ ಕೂಲರ್‌ಗೆ ದುಡ್ಡು ಹಾಕುವ ಮೊದಲು ಇದನ್ನು ನೆನಪಿಡಬೇಕು.

ಎಸಿ ಮಾಡುವುದು ಎರಡು ಕೆಲಸ. ಒಂದು, ಗಾಳಿಯನ್ನು ತಂಪು ಮಾಡುವುದು. ಇನ್ನೊಂದು, ಗಾಳಿಯಿಂದ ನೀರು ತೆಗೆಯುವುದು. ಎಸಿ ಗಾಡಿಯ ಅಡಿಯಿಂದ ತೊಟ್ಟಿಕ್ಕುವ ನೀರು ಅದೇ. ಮೀನಿನ ವ್ಯಾಪಾರ ಗೊತ್ತಿದ್ದವರಿಗೆ ಐಸ್‌ನ ಲೆಕ್ಕದಲ್ಲಿ ಹೇಳುವುದಾದರೆ, ಗಾಳಿಯಿಂದ ಒಂದು ಲೀಟರ್ ನೀರು ಇಳಿಸಲು ಬೇಕಾಗುವ ತಂಪು ಸುಮಾರು 7 ಕಿಲೋ ಐಸ್ ಕರಗುವಾಗ ಸಿಗುವ ತಂಪಿಗೆ ಸಮ. ಕಿಟಕಿ ಅರ್ಧ ತೆರೆದು ಎಸಿ ಹಾಕಿದರೆ ಹೊರಗಿನ ತೇವದ ಗಾಳಿ ಬರುತ್ತಲೇ ಇರ್ತದೆ, ಎಸಿಯ ಶಕ್ತಿಯೆಲ್ಲ ನೀರು ಇಳಿಸುವುದರಲ್ಲೇ ಮುಗಿಯುತ್ತದೆ.

ಈ ಗುಣದಿಂದ ಮಳೆಗಾಲದಲ್ಲೂ ಪ್ರಯೋಜನ ಉಂಟು. ಜೂನ್‌ನಿಂದ ಸೆಪ್ಟೆಂಬರ್ ತನಕ ಮುಂದಿನ ಗ್ಲಾಸ್ ಒಳಗಿನಿಂದ ಮಂಜು ಹಿಡಿಯುವುದು ಹಳೆ ಪಿಕಪ್ ಓಡಿಸುವವರಿಗೆಲ್ಲ ಗೊತ್ತು. ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದು ಕೈಯಲ್ಲಿ ಬಟ್ಟೆ. ಎಸಿಯ ಒಣ ಗಾಳಿಯನ್ನು ಗ್ಲಾಸಿನ ಕಡೆ ತಿರುಗಿಸಿದರೆ ಸ್ವಲ್ಪ ಹೊತ್ತಲ್ಲೇ ಮಂಜು ಹೋಗ್ತದೆ. ರಾತ್ರಿ ಮಳೆಯಲ್ಲಿ ಓಡುವವರಿಗೆ ಇದು ಆರಾಮದ ವಿಷಯ ಅಲ್ಲ, ಜೀವದ ವಿಷಯ.

ಹೊಸ ಕಾನೂನು ಪಿಕಪ್‌ಗೆ ಅನ್ವಯ ಆಗ್ತದಾ?

ಲಾರಿ ಚಾಲಕರ ಕ್ಯಾಬಿನ್‌ಗೆ ಎಸಿ ಕಡ್ಡಾಯ ಎಂಬ ಸುದ್ದಿ ಹಲವರು ಕೇಳಿರಬಹುದು. ಕೇಂದ್ರ ಸಾರಿಗೆ ಸಚಿವಾಲಯ 2023ರ ಡಿಸೆಂಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ 2025ರ ಅಕ್ಟೋಬರ್ 1ರಿಂದ ತಯಾರಾಗುವ ಎನ್2 ಮತ್ತು ಎನ್3 ವರ್ಗದ ಸರಕು ವಾಹನಗಳಿಗೆ ಎಸಿ ಕ್ಯಾಬಿನ್ ಬೇಕು. ಎನ್2 ಎಂದರೆ ಒಟ್ಟು ತೂಕ 3.5 ಟನ್ ಮೀರಿ 12 ಟನ್ ತನಕ ಇರುವ ವಾಹನ. ಎನ್3 ಎಂದರೆ 12 ಟನ್‌ಗಿಂತ ಮೇಲೆ.

ಟಾಟಾ ಏಸ್, ಬೊಲೆರೋ ಪಿಕಪ್‌ನಂತಹ ಗಾಡಿಗಳು ಬರುವುದು 3.5 ಟನ್ ಒಳಗಿನ ಎನ್1 ವರ್ಗದಲ್ಲಿ. ಅಂದರೆ ಹೊಸ ಪಿಕಪ್‌ಗೂ ಈ ನಿಯಮ ಇಲ್ಲ, ಹಳೆಯದಕ್ಕಂತೂ ಇಲ್ಲವೇ ಇಲ್ಲ. ದೊಡ್ಡ ಲಾರಿಯ ಡ್ರೈವರ್‌ಗೆ ಕಾನೂನೇ ತಂಪು ಕೊಟ್ಟಿದೆ. ಪಿಕಪ್ ಓಡಿಸುವ ಸಣ್ಣ ವ್ಯಾಪಾರಿ ತನ್ನ ಕಿಸೆಯಿಂದಲೇ ಮಾಡಿಸಿಕೊಳ್ಳಬೇಕು. ಹಾಗಾಗಿ ಕಿಸೆಯ ದುಡ್ಡು ಎಲ್ಲಿಗೆ ಹೋಗ್ತದೆ ಎಂದು ತಿಳಿದುಕೊಳ್ಳುವುದು ಮುಖ್ಯ.

ಎಸಿ ಕೆಲಸ ಮಾಡುವ ರೀತಿ

ಈಗ ಬಳಕೆಯಲ್ಲಿರುವ ಹೆಚ್ಚಿನ ಗಾಡಿಗಳ ಎಸಿಯಲ್ಲಿ ಇರುವುದು ಆರ್134ಎ ಎಂಬ ಗ್ಯಾಸ್. ಸಾಮಾನ್ಯ ಒತ್ತಡದಲ್ಲಿ ಇದು ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಕುದಿಯುವಾಗ ಸುತ್ತಲಿನ ಬಿಸಿ ಎಳೆದುಕೊಳ್ಳುತ್ತದೆ. ಈ ಒಂದು ಗುಣದ ಮೇಲೆ ಇಡೀ ಎಸಿ ನಿಂತಿದೆ.

ಎಂಜಿನ್ ಬೆಲ್ಟ್‌ನಿಂದ ತಿರುಗುವ ಕಂಪ್ರೆಸರ್ ಗ್ಯಾಸನ್ನು ಒತ್ತಿ ಬಿಸಿ ಮಾಡ್ತದೆ. ರೇಡಿಯೇಟರ್ ಮುಂದೆ ಕೂರುವ ಕಂಡೆನ್ಸರ್‌ನಲ್ಲಿ ಆ ಬಿಸಿ ಹೊರಗೆ ಹೋಗಿ ಗ್ಯಾಸ್ ದ್ರವ ಆಗ್ತದೆ. ಡ್ರೈಯರ್ ಎಂಬ ಸಣ್ಣ ಡಬ್ಬಿ ಅದರಲ್ಲಿರುವ ತೇವ ಮತ್ತು ಕಸ ಹಿಡಿಯುತ್ತದೆ. ಎಕ್ಸ್‌ಪಾನ್ಶನ್ ವಾಲ್ವ್‌ನ ಸಣ್ಣ ತೂತಿನಿಂದ ದ್ರವ ಹಾಯ್ದಾಗ ಒತ್ತಡ ಒಮ್ಮೆಲೇ ಇಳಿಯುತ್ತದೆ. ಡ್ಯಾಶ್‌ಬೋರ್ಡ್ ಕೆಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಅದು ಮತ್ತೆ ಕುದಿದು ಕ್ಯಾಬಿನ್‌ನ ಬಿಸಿ ಎಳೆದುಕೊಂಡು ಕಂಪ್ರೆಸರ್‌ಗೆ ವಾಪಸ್ ಹೋಗ್ತದೆ. ಒಟ್ಟಿನಲ್ಲಿ ಎಸಿ ತಂಪನ್ನು ತಯಾರಿಸುವುದಿಲ್ಲ, ಒಳಗಿನ ಬಿಸಿಯನ್ನು ಹೊರಗೆ ಸಾಗಿಸುತ್ತದೆ ಅಷ್ಟೆ. ಹೊರಗೆ ಬಿಸಿ ಬಿಡಲು ಜಾಗ ಸರಿ ಇಲ್ಲದಿದ್ದರೆ ಒಳಗೆ ತಂಪು ಬರುವುದಿಲ್ಲ.

"ಒಂದು ಟನ್ ಎಸಿ" ಎಂಬ ಮಾತು ಕೂಡ ಐಸ್‌ನಿಂದ ಬಂದದ್ದು. ಅಮೆರಿಕದ ಒಂದು ಟನ್ ಅಂದರೆ 907 ಕಿಲೋ ಐಸ್ 24 ಗಂಟೆಯಲ್ಲಿ ಕರಗಿ ಕೊಡುವಷ್ಟು ತಂಪು ಒಂದು ಟನ್. ಗಂಟೆಗೆ ಸುಮಾರು 38 ಕಿಲೋ ಐಸ್.

ಯಾವ ಗಾಡಿಗೆ ಆಗ್ತದೆ, ಯಾವುದಕ್ಕೆ ಬೇಡ

ಕಂಪ್ರೆಸರ್ ತಿರುಗಿಸಲು ಸುಮಾರು 2ರಿಂದ 4 ಎಚ್‌ಪಿ ಶಕ್ತಿ ಬೇಕು. ಇದನ್ನು ಗಾಡಿಯ ಎಂಜಿನ್ ಕೊಡಬೇಕು. 2005ರಲ್ಲಿ ಬಂದ ಮೊದಲ ಟಾಟಾ ಏಸ್‌ನ ಎಂಜಿನ್ 702 ಸಿಸಿ, ಎರಡು ಸಿಲಿಂಡರ್, ಶಕ್ತಿ 16 ಎಚ್‌ಪಿ. ಅದರಲ್ಲಿ 3 ಎಚ್‌ಪಿ ಎಸಿಗೆ ಕೊಟ್ಟರೆ ಹತ್ತಿರ ಹತ್ತಿರ ಐದನೇ ಒಂದು ಭಾಗ ಹೋಯಿತು. ಲೋಡ್ ಹಾಕಿ ಏರು ಹತ್ತುವಾಗ ಗಾಡಿ ನಿಂತೇ ಹೋಗಬಹುದು. ಮೇಲಾಗಿ ಎಂಜಿನ್ ಸೀಟಿನ ಅಡಿಯಲ್ಲೇ ಇರುವುದರಿಂದ ಬಿಸಿ ನೇರ ಕ್ಯಾಬಿನ್‌ಗೆ ಬರ್ತದೆ. ಇಂಥ ಗಾಡಿಗೆ ಎಸಿ ಹಾಕಿಸುವ ಬದಲು ಎಂಜಿನ್ ಮುಚ್ಚಳಕ್ಕೆ ಒಳ್ಳೆ ಇನ್ಸುಲೇಶನ್ ಹಾಕಿಸುವುದು ಲಾಭ.

ಹಳೆ ಬೊಲೆರೋ ಪಿಕಪ್‌ನ ಕಥೆ ಬೇರೆ. 2523 ಸಿಸಿಯ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್, 60 ಎಚ್‌ಪಿಗೆ ಮೇಲೆ ಶಕ್ತಿ, ಎಂಜಿನ್ ಮುಂದೆ ಬಾನೆಟ್ ಅಡಿಯಲ್ಲಿ, ಕಂಡೆನ್ಸರ್‌ಗೆ ಜಾಗವೂ ಉಂಟು. ಇನ್ನೊಂದು ಅನುಕೂಲ, ಜನ ಕೂರುವ ಬೊಲೆರೋ ಗಾಡಿ ಎಸಿ ಸಹಿತ ಬಂದಿದೆ. ಹಾಗಾಗಿ ಅದರ ಕಂಪ್ರೆಸರ್ ಬ್ರಾಕೆಟ್, ಪುಲ್ಲಿ, ಕಂಡೆನ್ಸರ್ ಮಾರ್ಕೆಟಿನಲ್ಲಿ ಸಿಗ್ತದೆ. ಆದರೆ ಎಂಜಿನ್ ಮಾದರಿ ಬೇರೆ ಇದ್ದರೆ ಬ್ರಾಕೆಟ್ ಕೂರುವುದಿಲ್ಲ. ಎಂಜಿನ್ ನಂಬರ್ ತೋರಿಸಿಯೇ ತೆಗೆದುಕೊಳ್ಳಬೇಕು. 2956 ಸಿಸಿ ಎಂಜಿನ್‌ನ ಟಾಟಾ 207 ಡಿಐಗೂ ಎಸಿ ಎಳೆಯುವ ಶಕ್ತಿ ಉಂಟು.

ಎಂಜಿನ್ ದೊಡ್ಡದಿದ್ದರೂ ಆಯಿಲ್ ಕುಡಿಯುತ್ತಿದ್ದರೆ, ಕಪ್ಪು ಹೊಗೆ ಬಿಡ್ತಿದ್ದರೆ, ಲೋಡ್‌ನಲ್ಲಿ ಹೀಟ್ ಆಗ್ತಿದ್ದರೆ ಎಸಿಯ ಮಾತು ಆಮೇಲೆ. ಮೊದಲು ಎಂಜಿನ್ ಸರಿ ಮಾಡಿಸಬೇಕು.

ಮೊದಲ ಕೆಲಸ: ಬಿಸಿ ಒಳಗೆ ಬಾರದ ಹಾಗೆ ಮಾಡುವುದು

ಹಳೆ ಪಿಕಪ್‌ನ ಕ್ಯಾಬಿನ್ ಎಂದರೆ ತಗಡಿನ ಡಬ್ಬಿ. ಮೇಲಿನ ತಗಡು ಬಿಸಿಲಿಗೆ ಕಾಯ್ತದೆ, ಎದುರಿನ ತಗಡು ಎಂಜಿನ್ ಬಿಸಿಗೆ ಕಾಯ್ತದೆ, ಬಾಗಿಲಿನ ರಬ್ಬರ್ ಹಳತಾಗಿ ಗಾಳಿ ನುಗ್ಗುತ್ತದೆ. ಈ ಡಬ್ಬಿಗೆ ಎಷ್ಟು ದೊಡ್ಡ ಎಸಿ ಹಾಕಿದರೂ ತೂತು ಕೊಡಕ್ಕೆ ನೀರು ಹೊಯ್ದ ಹಾಗೆ.

ಎಸಿ ಕಿಟ್‌ಗೆ ಅಡ್ವಾನ್ಸ್ ಕೊಡುವ ಮೊದಲು ಮಾಡಿಸಬೇಕಾದದ್ದು ಇಷ್ಟು. ಬಾಗಿಲಿನ ರಬ್ಬರ್ ಬೀಡಿಂಗ್ ಬದಲಿಸುವುದು. ಕ್ಲಚ್, ಬ್ರೇಕ್, ಗೇರ್ ಲಿವರ್ ಮತ್ತು ವಯರ್‌ಗಳು ಹಾಯುವ ತೂತುಗಳನ್ನು ರಬ್ಬರ್ ಗ್ರೊಮೆಟ್ ಹಾಕಿ ಮುಚ್ಚುವುದು. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿಗೆ, ಕಾಲಡಿಯ ನೆಲಕ್ಕೆ ಬೆಂಕಿ ಹಿಡಿಯದ ಇನ್ಸುಲೇಶನ್ ಶೀಟ್ ಅಂಟಿಸುವುದು. ಮೇಲಿನ ತಗಡಿನ ಒಳಗೆ ಫೋಮ್ ಹಾಕಿ ಲೈನಿಂಗ್ ಮಾಡಿಸುವುದು. ಕ್ಯಾಬಿನ್ ಮೇಲ್ಭಾಗ ತಿಳಿ ಬಣ್ಣದಲ್ಲಿದ್ದರೆ ಬಿಸಿಲು ಕಡಿಮೆ ಹಿಡಿಯುತ್ತದೆ. ಆದರೆ ಇಡೀ ಗಾಡಿಯ ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ಬದಲಿಸಬೇಕು.

ಇಷ್ಟು ಮಾಡಿಸಿ ಒಂದು ವಾರ ಓಡಿಸಿ ನೋಡಬೇಕು. ಎಷ್ಟೋ ಜನರಿಗೆ ಇದರಲ್ಲೇ ಅರ್ಧ ಸಮಾಧಾನ ಸಿಗ್ತದೆ. ಎಸಿ ಹಾಕಿಸಿದರೂ ಈ ಖರ್ಚು ವ್ಯರ್ಥ ಅಲ್ಲ. ಸಣ್ಣ ಕಂಪ್ರೆಸರ್ ಸಾಕಾಗ್ತದೆ, ಡೀಸೆಲ್ ಉಳಿಯುತ್ತದೆ.

ರೇಡಿಯೇಟರ್ ಮತ್ತು ಕರೆಂಟ್

ಕಂಡೆನ್ಸರ್ ರೇಡಿಯೇಟರ್ ಮುಂದೆ ಕೂರುತ್ತದೆ. ಅಂದರೆ ರೇಡಿಯೇಟರ್‌ಗೆ ಬರುವುದು ಮೊದಲೇ ಬಿಸಿಯಾದ ಗಾಳಿ. ಇಷ್ಟು ದಿನ ಸೂಜಿ ನಡುವಲ್ಲಿ ನಿಲ್ಲುತ್ತಿದ್ದ ಗಾಡಿ ಎಸಿ ಹಾಕಿದ ಮೇಲೆ ಹೀಟ್ ಆಗಲು ಇದೇ ಕಾರಣ. ರೇಡಿಯೇಟರ್ ಬಿಚ್ಚಿ ಒಳಗೂ ಹೊರಗೂ ಕ್ಲೀನ್ ಮಾಡಿಸಬೇಕು. ಹೋಸ್ ಪೈಪ್, ಥರ್ಮೋಸ್ಟಾಟ್, ವಾಟರ್ ಪಂಪ್, ಫ್ಯಾನ್ ಬೆಲ್ಟ್ ನೋಡಬೇಕು. ಬರೀ ನೀರಿನ ಬದಲು ಕೂಲಂಟ್ ಹಾಕಬೇಕು. ಫ್ಯಾನಿನ ಸುತ್ತ ಇರುವ ಪ್ಲಾಸ್ಟಿಕ್ ಕವಚ ಮುರಿದು ಬಿದ್ದಿದ್ದರೆ ಹೊಸದು ಹಾಕಿಸಬೇಕು, ಅದಿಲ್ಲದೆ ಫ್ಯಾನ್ ಗಾಳಿ ಸರಿಯಾಗಿ ಎಳೆಯುವುದಿಲ್ಲ. ಕಂಡೆನ್ಸರ್‌ಗೆ ಬೇರೆ ಎಲೆಕ್ಟ್ರಿಕ್ ಫ್ಯಾನ್ ಇದ್ದರೆ ಟ್ರಾಫಿಕ್‌ನಲ್ಲಿ ನಿಂತಾಗಲೂ ಎಸಿ ಕೆಲಸ ಮಾಡ್ತದೆ.

ಎರಡನೆಯದು ಕರೆಂಟ್. ಬ್ಲೋವರ್ 10ರಿಂದ 15 ಆಂಪ್, ಕಂಡೆನ್ಸರ್ ಫ್ಯಾನ್ 8ರಿಂದ 12 ಆಂಪ್, ಕಂಪ್ರೆಸರ್ ಕ್ಲಚ್ ಸುಮಾರು 4 ಆಂಪ್. ಒಟ್ಟು 25ರಿಂದ 30 ಆಂಪ್ ಎಂದಿಟ್ಟುಕೊಳ್ಳಬಹುದು. ಮಳೆಯ ರಾತ್ರಿ ಹೆಡ್‌ಲೈಟ್, ವೈಪರ್ ಸೇರಿದರೆ ಇನ್ನೂ 15 ಆಂಪ್. ಹಳೆ ಗಾಡಿಯ ಆಲ್ಟರ್ನೇಟರ್ 35, 40 ಆಂಪ್‌ನದ್ದಾದರೆ ಬ್ಯಾಟರಿ ದಿನಾ ಇಳಿಯುತ್ತಾ ಹೋಗಿ ಒಂದು ಬೆಳಗ್ಗೆ ದಕ್ಕೆಯಲ್ಲಿ ಗಾಡಿ ಸ್ಟಾರ್ಟ್ ಆಗುವುದಿಲ್ಲ. 65 ಆಂಪ್ ಅಥವಾ ಅದಕ್ಕಿಂತ ಮೇಲಿನ ಆಲ್ಟರ್ನೇಟರ್ ಬೇಕು.

ವಯರಿಂಗ್‌ನಲ್ಲಿ ಉಳಿತಾಯ ಮಾಡಲೇಬಾರದು. ಬ್ಲೋವರ್, ಫ್ಯಾನ್, ಕ್ಲಚ್ ಮೂರಕ್ಕೂ ಬೇರೆ ಬೇರೆ ಫ್ಯೂಸ್, ರಿಲೇ, ದಪ್ಪ ವಯರ್ ಬೇಕು. ಹಾರ್ನ್ ಅಥವಾ ಲೈಟ್ ವಯರ್‌ನಿಂದ ಕವಲು ಎಳೆದು ಎಸಿಗೆ ಕೊಟ್ಟರೆ ವಯರ್ ಕಾದು ಬೆಂಕಿ ಹಿಡಿಯಬಹುದು.

ಕಿಟ್‌ನಲ್ಲಿ ಏನೇನು ಇರಬೇಕು

ಕಂಪ್ರೆಸರ್, ಬ್ರಾಕೆಟ್, ಪುಲ್ಲಿ, ಬೆಲ್ಟ್, ಕಂಡೆನ್ಸರ್, ಡ್ರೈಯರ್, ಎಕ್ಸ್‌ಪಾನ್ಶನ್ ವಾಲ್ವ್, ಬ್ಲೋವರ್ ಸಹಿತ ಕೂಲಿಂಗ್ ಕಾಯಿಲ್, ಹೋಸ್ ಪೈಪ್‌ಗಳು, ಥರ್ಮೋಸ್ಟಾಟ್, ಪ್ರೆಶರ್ ಸ್ವಿಚ್. ಈ ಪಟ್ಟಿಯಲ್ಲಿ ಕೊನೆಯ ಎರಡನ್ನು ಕೆಲವರು ಬಿಟ್ಟುಬಿಡ್ತಾರೆ. ಥರ್ಮೋಸ್ಟಾಟ್ ಇಲ್ಲದಿದ್ದರೆ ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟಿ ಗಾಳಿಯೇ ಬರುವುದಿಲ್ಲ. ಪ್ರೆಶರ್ ಸ್ವಿಚ್ ಇಲ್ಲದಿದ್ದರೆ ಒತ್ತಡ ಹೆಚ್ಚಾದಾಗ ಪೈಪ್ ಒಡೆಯಬಹುದು. ಗ್ಯಾಸ್ ಲೀಕ್ ಆದಾಗ ಆಯಿಲ್ ಇಲ್ಲದೆ ಕಂಪ್ರೆಸರ್ ಜಾಮ್ ಆಗಬಹುದು. ಎರಡೂ ಸೇರಿ ಕಿಟ್‌ನ ಬೆಲೆಯಲ್ಲಿ ಸಣ್ಣ ಪಾಲು, ಇಡೀ ಎಸಿಯ ಪ್ರಾಣ ಉಳಿಸುವುದು ಅವೇ.

ಗುಜರಿಯಿಂದ ತೆಗೆಯಬಹುದಾದ ಭಾಗಗಳು ಬ್ರಾಕೆಟ್, ಪುಲ್ಲಿ, ಬ್ಲೋವರ್ ಕೇಸ್. ಡ್ರೈಯರ್, ರಬ್ಬರ್ ಓ-ರಿಂಗ್, ಹೋಸ್ ಪೈಪ್ ಹೊಸದೇ ಬೇಕು. ಡ್ರೈಯರ್ ಒಮ್ಮೆ ಗಾಳಿಗೆ ತೆರೆದರೆ ಅದರೊಳಗಿನ ತೇವ ಹೀರುವ ಕಾಳು ತುಂಬಿ ಹೋಗ್ತದೆ. ಸೆಕೆಂಡ್ ಹ್ಯಾಂಡ್ ಕಂಪ್ರೆಸರ್ ಆದರೆ ಕೈಯಿಂದ ತಿರುಗಿಸಿ ನೋಡಬೇಕು, ಒಳಗಿನ ಆಯಿಲ್ ಕಪ್ಪಾಗಿದ್ದರೆ ಅಥವಾ ಲೋಹದ ಪುಡಿ ಕಂಡರೆ ಬಿಡಬೇಕು. ತುಂಬಾ ಹಳೆಯ ಆರ್12 ಗ್ಯಾಸ್ ಕಾಲದ ಕಂಪ್ರೆಸರ್‌ನಲ್ಲಿ ಮಿನರಲ್ ಆಯಿಲ್ ಇರ್ತದೆ, ಅದು ಆರ್134ಎ ಜೊತೆ ಬೆರೆಯುವುದಿಲ್ಲ. ಆರ್134ಎಗೆ ಸಾಮಾನ್ಯವಾಗಿ ಪಿಎಜಿ ಆಯಿಲ್ ಹಾಕ್ತಾರೆ.

ಕಂಪ್ರೆಸರ್ ಗಾತ್ರದಲ್ಲೂ ಜಾಗ್ರತೆ ಬೇಕು. ಮಾರ್ಕೆಟಿನಲ್ಲಿ ಹೆಚ್ಚು ಕಾಣುವ ಸ್ಯಾಂಡನ್ 5ಎಚ್14 ಮಾದರಿ ಒಂದು ಸುತ್ತಿಗೆ 138 ಸಿಸಿ ಗ್ಯಾಸ್ ತಳ್ಳುತ್ತದೆ. 5ಎಚ್09 ಮಾದರಿ 87 ಸಿಸಿ. ಎರಡು, ಮೂರು ಜನ ಕೂರುವ ಸಣ್ಣ ಕ್ಯಾಬಿನ್‌ಗೆ ದೊಡ್ಡದೇ ಬೇಕು ಎಂದೇನಿಲ್ಲ. ದೊಡ್ಡದಾದಷ್ಟೂ ಎಂಜಿನ್ ಮೇಲೆ ಭಾರ.

ಫಿಟ್ಟಿಂಗ್ ದಿನ ಪಕ್ಕದಲ್ಲಿ ನಿಂತು ನೋಡಬೇಕಾದದ್ದು

ಬೆಲ್ಟ್ ನೇರ ಇರಬೇಕು. ಎರಡು ಪುಲ್ಲಿಗಳು ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ಬೆಲ್ಟ್ ಪದೇ ಪದೇ ಹರಿಯುತ್ತದೆ. ಬ್ರಾಕೆಟ್ ಎಂಜಿನ್‌ಗೆ ಬೋಲ್ಟ್ ಆಗಿರಬೇಕು, ಚಾಸಿಗೆ ಅಲ್ಲ. ಎಂಜಿನ್ ಅಲುಗಾಡುವಾಗ ಕಂಪ್ರೆಸರ್ ಕೂಡ ಅದರ ಜೊತೆಯಲ್ಲೇ ಅಲುಗಾಡಬೇಕು. ಹೋಸ್ ಪೈಪ್ ಸೈಲೆನ್ಸರ್ ಪೈಪ್‌ಗೆ ತಾಗಬಾರದು.

ಎಲ್ಲ ಜೋಡಿಸಿದ ಮೇಲೆ ಲೀಕ್ ನೋಡುವುದು ಒಣ ನೈಟ್ರೋಜನ್ ತುಂಬಿಸಿ, ಸೋಪಿನ ನೀರು ಹಚ್ಚಿ. ಟೈರ್‌ಗೆ ಗಾಳಿ ಹಾಕುವ ಕಂಪ್ರೆಸರ್‌ನಿಂದ ತುಂಬಿಸಿದರೆ ತೇವ ಒಳಗೆ ಸೇರ್ತದೆ. ಆಕ್ಸಿಜನ್ ಅಂತೂ ತುಂಬಿಸಲೇಬಾರದು, ಒತ್ತಡದ ಆಕ್ಸಿಜನ್ ಆಯಿಲ್‌ಗೆ ತಾಗಿದರೆ ಸ್ಫೋಟ ಆಗಬಹುದು. ವೆಲ್ಡಿಂಗ್ ಸಿಲಿಂಡರ್ ಹತ್ತಿರ ಇರುವ ಗ್ಯಾರೇಜುಗಳಲ್ಲಿ ಇದನ್ನು ಗಮನಿಸಬೇಕು.

ಆಮೇಲೆ ವ್ಯಾಕ್ಯೂಮ್. ಪಂಪ್ ಇಟ್ಟು ಒಳಗಿನ ಗಾಳಿ ಪೂರ್ತಿ ಎಳೆಯಬೇಕು. ಒತ್ತಡ ಇಳಿದಾಗ ಒಳಗಿರುವ ನೀರಿನ ಹನಿ ಸಾಮಾನ್ಯ ಬಿಸಿಯಲ್ಲೇ ಕುದಿದು ಆವಿಯಾಗಿ ಹೊರಗೆ ಹೋಗ್ತದೆ. ಇದಕ್ಕೆ ಕಡಿಮೆ ಎಂದರೂ 30ರಿಂದ 45 ನಿಮಿಷ ಬೇಕು, ಕರಾವಳಿಯ ತೇವಕ್ಕೆ ಸ್ವಲ್ಪ ಹೆಚ್ಚೇ ಇರಲಿ. ಪಂಪ್ ನಿಲ್ಲಿಸಿದ ಮೇಲೆ ಕಾಲು ಗಂಟೆ ಗೇಜಿನ ಮುಳ್ಳು ಅಲುಗಾಡದೆ ನಿಲ್ಲಬೇಕು. ಐದು ನಿಮಿಷ ಪಂಪ್ ಇಟ್ಟು ಗ್ಯಾಸ್ ಹಾಕುವ ಗ್ಯಾರೇಜಿನಿಂದ ದೂರ ಇರುವುದು ಒಳ್ಳೆಯದು. ಒಳಗೆ ಉಳಿದ ತೇವ ಎಕ್ಸ್‌ಪಾನ್ಶನ್ ವಾಲ್ವ್‌ನಲ್ಲಿ ಐಸ್ ಆಗಿ ದಾರಿ ಮುಚ್ಚುತ್ತದೆ, ಆಯಿಲ್ ಜೊತೆ ಸೇರಿ ಆಸಿಡ್ ಆಗಿ ಕಂಪ್ರೆಸರ್ ತಿನ್ನುತ್ತದೆ.

ಗ್ಯಾಸ್ ತೂಕ ಮಾಡಿ ಹಾಕಬೇಕು. ಇಂಥ ಕಿಟ್‌ಗೆ ಸಾಮಾನ್ಯವಾಗಿ 450ರಿಂದ 700 ಗ್ರಾಂ ಒಳಗೆ, ಕಿಟ್ ತಯಾರಕರು ಹೇಳಿದಷ್ಟು. ಹೆಚ್ಚು ಹಾಕಿದರೆ ಹೆಚ್ಚು ತಂಪು ಎಂಬುದು ತಪ್ಪು. ಒತ್ತಡ ಏರಿ ತಂಪು ಕಡಿಮೆಯಾಗ್ತದೆ. ಕೊನೆಗೆ ಒಂದು ಸಣ್ಣ ಥರ್ಮಾಮೀಟರ್ ಗಾಳಿ ಬರುವ ಬಾಯಿಗೆ ಇಟ್ಟು ರಸ್ತೆಯಲ್ಲಿ ಓಡಿಸಿ ನೋಡಬೇಕು. 8ರಿಂದ 12 ಡಿಗ್ರಿ ಬಂದರೆ ಕೆಲಸ ಸರಿ ಆಗಿದೆ.

ಅಗ್ಗದ ಗ್ಯಾಸ್‌ನ ಅಪಾಯ

ಓಝೋನ್ ಪದರಕ್ಕೆ ಹಾನಿ ಮಾಡುವ ಆರ್12 ಗ್ಯಾಸ್ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ನಿಂತುಹೋಗಿದೆ. ಅದರ ಜಾಗಕ್ಕೆ ಬಂದ ಆರ್134ಎ ಬೆಂಕಿ ಹಿಡಿಯುವ ಗ್ಯಾಸ್ ಅಲ್ಲ, ಓಝೋನ್‌ಗೆ ಹಾನಿ ಇಲ್ಲ. ಆದರೆ ಭೂಮಿ ಬಿಸಿ ಮಾಡುವುದರಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಬಲ. ಲೀಕ್ ಸರಿ ಮಾಡದೆ ವರ್ಷ ವರ್ಷ ಗ್ಯಾಸ್ ತುಂಬಿಸುವುದು ಕಿಸೆಗೂ ನಷ್ಟ, ಪರಿಸರಕ್ಕೂ ನಷ್ಟ.

ಇದಕ್ಕಿಂತ ದೊಡ್ಡ ಅಪಾಯ ಅಗ್ಗದ ಬದಲಿ ಗ್ಯಾಸ್. ಅಡುಗೆ ಗ್ಯಾಸ್ ಜಾತಿಯ ಹೈಡ್ರೋಕಾರ್ಬನ್ ತುಂಬಿಸಿದರೆ ತಂಪು ಬರ್ತದೆ, ನಿಜ. ಆದರೆ ಡ್ಯಾಶ್‌ಬೋರ್ಡ್ ಒಳಗಿನ ಕಾಯಿಲ್ ಲೀಕ್ ಆದರೆ ಮುಚ್ಚಿದ ಕ್ಯಾಬಿನ್ ತುಂಬಾ ಉರಿಯುವ ಗ್ಯಾಸ್. ಒಂದು ಸ್ವಿಚ್‌ನ ಕಿಡಿ ಸಾಕು. ನಕಲಿ ಆರ್134ಎ ಸಿಲಿಂಡರ್‌ನಲ್ಲಿ ಮೀಥೈಲ್ ಕ್ಲೋರೈಡ್ ಬೆರೆಸಿದ ಉದಾಹರಣೆಗಳೂ ಜಗತ್ತಿನಲ್ಲಿ ಆಗಿವೆ. ಅದು ಅಲ್ಯೂಮಿನಿಯಂ ಜೊತೆ ಸೇರಿ ಸ್ಫೋಟಕ ವಸ್ತು ಆಗ್ತದೆ. ಹೆಸರುಳ್ಳ ಕಂಪೆನಿಯ ಸೀಲ್ ಇರುವ ಕ್ಯಾನ್ ಕಣ್ಣೆದುರೇ ಒಡೆಸಿ ಹಾಕಿಸುವುದು ಸುರಕ್ಷಿತ.

ದಿನದ ಲೆಕ್ಕ

ಕಿಟ್‌ನ ಬೆಲೆ ಗಾಡಿಗೆ ತಕ್ಕ ಹಾಗೆ, ಗ್ಯಾರೇಜಿಗೆ ತಕ್ಕ ಹಾಗೆ ಬದಲಾಗ್ತದೆ. ಲೆಕ್ಕ ಮಾಡುವ ಕ್ರಮ ತಿಳಿಯಲು ಒಂದು ಉದಾಹರಣೆ ನೋಡಬಹುದು. ಆಲ್ಟರ್ನೇಟರ್, ಇನ್ಸುಲೇಶನ್ ಎಲ್ಲ ಸೇರಿ 45,000 ರೂಪಾಯಿ ಎಂದಿಟ್ಟುಕೊಳ್ಳಿ. ಗಾಡಿಯನ್ನು ಇನ್ನೂ 3 ವರ್ಷ, ತಿಂಗಳಿಗೆ 25 ದಿನ ಓಡಿಸುವುದಾದರೆ 900 ದಿನ. ದಿನಕ್ಕೆ 50 ರೂಪಾಯಿ.

ಡೀಸೆಲ್ ಬೇರೆ. ದಿನಕ್ಕೆ 120 ಕಿಲೋಮೀಟರ್ ಓಟ, ಮೈಲೇಜ್ 12ರಿಂದ 11ಕ್ಕೆ ಇಳಿದರೆ ದಿನಕ್ಕೆ ಸುಮಾರು 0.9 ಲೀಟರ್ ಹೆಚ್ಚು. ಲೀಟರ್‌ಗೆ 95 ರೂಪಾಯಿ ಲೆಕ್ಕದಲ್ಲಿ 86 ರೂಪಾಯಿ. ಸರ್ವಿಸ್, ಬೆಲ್ಟ್, ಗ್ಯಾಸ್ ಎಂದು ವರ್ಷಕ್ಕೆ 3,600 ತೆಗೆದಿಟ್ಟರೆ ದಿನಕ್ಕೆ 12 ರೂಪಾಯಿ. ಒಟ್ಟು ದಿನಕ್ಕೆ ಹತ್ತಿರ ಹತ್ತಿರ 150 ರೂಪಾಯಿ. ವಾರಕ್ಕೆ 6 ದಿನ ಓಡಿದರೆ 900.

ಇದೇ ಗಾಡಿಯನ್ನು ಒಂದೇ ವರ್ಷದಲ್ಲಿ ಮಾರುವ ಯೋಚನೆ ಇದ್ದರೆ ಕಿಟ್‌ನ ಖರ್ಚೇ ದಿನಕ್ಕೆ 150, ಒಟ್ಟು ಹತ್ತಿರ 250 ಆಗ್ತದೆ. ಹಳೆ ಪಿಕಪ್ ಮಾರುವಾಗ ಎಸಿಗೆ ಹಾಕಿದಷ್ಟು ದುಡ್ಡು ವಾಪಸ್ ಬರುವುದಿಲ್ಲ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಬೇಕು, 15 ವರ್ಷ ದಾಟಿದರೆ ಶುಲ್ಕವೂ ಹೆಚ್ಚು. ಗಾಡಿಗೆ ಇನ್ನೆಷ್ಟು ವರ್ಷ ಆಯುಸ್ಸು ಉಂಟು ಎಂಬುದನ್ನು ನೋಡದೆ ಕಿಟ್ ತೆಗೆಯಬಾರದು.

ಇನ್ನೊಂದು ಬದಿಯ ಲೆಕ್ಕವೂ ಉಂಟು. ಸೆಕೆಗೆ ಹೆದರಿ ಮಧ್ಯಾಹ್ನದ ಟ್ರಿಪ್ ಬಿಡುವವರಿಗೆ ವಾರಕ್ಕೆ 450 ರೂಪಾಯಿ ಉಳಿಯುವ ಎರಡು ಟ್ರಿಪ್ ಹೆಚ್ಚು ಸಿಕ್ಕಿದರೆ ಮೇಲಿನ ಖರ್ಚು ಸರಿ ಹೋಗ್ತದೆ. ಟ್ರಿಪ್ ಹೆಚ್ಚಾಗದಿದ್ದರೂ, ಬಿಸಿಯಲ್ಲಿ ಬಳಲಿದ ಡ್ರೈವರ್‌ಗೆ ನಿದ್ದೆ ತೂಗುವುದು, ಸಿಟ್ಟು ಬರುವುದು, ಬ್ರೇಕ್ ಹಾಕುವುದು ತಡ ಆಗುವುದು ಎಲ್ಲ ಸಾಮಾನ್ಯ. ಅದಕ್ಕೆ ಬೆಲೆ ಕಟ್ಟುವುದು ಕಷ್ಟ.

ಬಿಲ್ ಮಾತ್ರ ತೆಗೆದುಕೊಳ್ಳಲೇಬೇಕು. ರೆಗ್ಯುಲರ್ ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗೆ ವ್ಯಾಪಾರದ ಸರಕು ಗಾಡಿಯ ಮೇಲಿನ ಖರ್ಚಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗ್ತದೆ. ಕಾಂಪೊಸಿಶನ್ ಸ್ಕೀಮ್‌ನಲ್ಲಿ ಇರುವವರಿಗೆ ಸಿಗುವುದಿಲ್ಲ. ಗ್ಯಾರಂಟಿ ಕೇಳಲೂ, ಇನ್ಶೂರೆನ್ಸ್‌ಗೂ ಅದೇ ಬಿಲ್ ಬೇಕು.

ಆರ್‌ಟಿಒ, ಇನ್ಶೂರೆನ್ಸ್, ಗ್ಲಾಸ್ ಫಿಲ್ಮ್

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೊದಲು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿ ಹಿಡಿದಿದೆ. ಹಾಗಾಗಿ ಚಾಸಿ ಕೊರೆಯುವುದು, ಬಾಡಿ ಕತ್ತರಿಸುವುದು, ಕ್ಯಾಬಿನ್ ಮೇಲೆ ದೊಡ್ಡ ಯೂನಿಟ್ ಕೂರಿಸುವುದು ಬೇಡ. ಬೋಲ್ಟ್ ಹಾಕಿ ಕೂರಿಸಿ, ಬೇಕಾದರೆ ಬಿಚ್ಚಿ ತೆಗೆಯಬಹುದಾದ ಕಿಟ್ ಒಳ್ಳೆಯದು. ಕೆಎಲ್-14 ಗಾಡಿ ದಿನಾ ತಲಪಾಡಿ ದಾಟಿ ಎರಡು ರಾಜ್ಯಗಳಲ್ಲಿ ಓಡುವುದರಿಂದ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳುವುದು ಸುಲಭದ ದಾರಿ.

ಇನ್ಶೂರೆನ್ಸ್‌ನಲ್ಲಿ ಹೊರಗಿನಿಂದ ಹಾಕಿಸಿದ ವಿದ್ಯುತ್ ಉಪಕರಣಗಳಿಗೆ ಐಎಂಟಿ 24 ಎಂಬ ಹೆಚ್ಚುವರಿ ಕವರ್ ಉಂಟು. ಪ್ಯಾಕೇಜ್ ಪಾಲಿಸಿಗೆ ಮಾತ್ರ ಅದು ಸಿಗುವುದು, ಥರ್ಡ್ ಪಾರ್ಟಿ ಪಾಲಿಸಿಗೆ ಇಲ್ಲ. ಎಸಿ ಹಾಕಿಸಿದ್ದನ್ನು ಕಂಪೆನಿಗೆ ಬರಹದಲ್ಲಿ ತಿಳಿಸಿ ಬಿಲ್ ಪ್ರತಿ ಕೊಟ್ಟಿದ್ದರೆ ನಾಳೆ ಕ್ಲೇಮ್ ಹೊತ್ತಿಗೆ ತಕರಾರು ಕಡಿಮೆ.

ಗ್ಲಾಸಿಗೆ ಕಪ್ಪು ಫಿಲ್ಮ್ ಹಾಕಿಸಿದರೆ ದಂಡ ಬೀಳ್ತದೆ. ನಿಯಮದ ಪ್ರಕಾರ ಮುಂದಿನ, ಹಿಂದಿನ ಗ್ಲಾಸಿನಲ್ಲಿ ಕಡಿಮೆ ಎಂದರೂ 70 ಶೇಕಡಾ, ಬದಿಯ ಗ್ಲಾಸಿನಲ್ಲಿ 50 ಶೇಕಡಾ ಬೆಳಕು ಹಾಯಬೇಕು.

ಎಸಿ ಹಾಕಿ ಮಲಗುವುದು: ಜೀವಕ್ಕೆ ಅಪಾಯ

ದಕ್ಕೆಯಲ್ಲಿ ಬೋಟ್ ಬರುವ ತನಕ ಕ್ಯಾಬಿನ್‌ನಲ್ಲೇ ಮಲಗುವುದು ಡ್ರೈವರ್‌ಗಳ ಅಭ್ಯಾಸ. ಎಸಿ ಇಲ್ಲದಾಗ ಗ್ಲಾಸ್ ಇಳಿಸಿ ಮಲಗ್ತಾರೆ. ಎಸಿ ಬಂದ ಮೇಲೆ ಎಂಜಿನ್ ಚಾಲೂ ಇಟ್ಟು, ಗ್ಲಾಸ್ ಏರಿಸಿ ಮಲಗುವ ಆಸೆ ಆಗ್ತದೆ. ಹಳೆ ಗಾಡಿಯ ಸೈಲೆನ್ಸರ್ ತೂತಾಗಿದ್ದರೆ, ನೆಲದ ತಗಡು ತುಕ್ಕು ಹಿಡಿದಿದ್ದರೆ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ವಡಕರದಲ್ಲಿ ನಿಲ್ಲಿಸಿದ್ದ ಕ್ಯಾರವಾನ್ ಒಳಗೆ ಇಬ್ಬರು ಸತ್ತದ್ದು ಜನರೇಟರ್‌ನಿಂದ ಬಂದ ಇದೇ ಗ್ಯಾಸ್‌ನಿಂದ. ಎಂಜಿನ್ ಚಾಲೂ ಇಟ್ಟು ಮುಚ್ಚಿದ ಕ್ಯಾಬಿನ್‌ನಲ್ಲಿ ಮಲಗಲೇಬಾರದು. ಎಸಿ ಹಾಕಿಸುವಾಗಲೇ ಸೈಲೆನ್ಸರ್ ಪೈಪ್ ಮತ್ತು ನೆಲದ ತಗಡು ಸರಿ ಮಾಡಿಸಬೇಕು.

ಬಳಕೆ ಮತ್ತು ಆರೈಕೆ

ಬಿಸಿಲಿನಲ್ಲಿ ನಿಂತ ಗಾಡಿ ಹತ್ತಿದಾಗ ಮೊದಲ ಎರಡು ನಿಮಿಷ ಗ್ಲಾಸ್ ಇಳಿಸಿ ಓಡಿಸಿ ಬಿಸಿ ಗಾಳಿ ಹೊರಗೆ ಬಿಡಬೇಕು. ಆಮೇಲೆ ಗ್ಲಾಸ್ ಏರಿಸಿ, ಒಳಗಿನ ಗಾಳಿಯೇ ಸುತ್ತುವ ಹಾಗೆ ಇಡಬೇಕು. ಲೋಡ್ ಹಾಕಿ ಸಂಪಾಜೆ ಘಾಟಿಯಂಥ ಏರು ಹತ್ತುವಾಗ ಬಿಸಿಯ ಸೂಜಿ ಏರಿದರೆ ಎಸಿ ಆಫ್ ಮಾಡಬೇಕು. ಇಳಿಯಲು ಐದು ನಿಮಿಷ ಮೊದಲು ಕಂಪ್ರೆಸರ್ ನಿಲ್ಲಿಸಿ ಬರೀ ಬ್ಲೋವರ್ ಓಡಿಸಿದರೆ ಕಾಯಿಲ್ ಒಣಗ್ತದೆ, ಕೆಟ್ಟ ವಾಸನೆ ಬರುವುದಿಲ್ಲ.

ಉಪ್ಪು ಗಾಳಿ ಕಂಡೆನ್ಸರ್‌ನ ಅಲ್ಯೂಮಿನಿಯಂ ತಿನ್ನುತ್ತದೆ. ಹದಿನೈದು ದಿನಕ್ಕೊಮ್ಮೆ ಸಿಹಿ ನೀರಿನಿಂದ ಮೆಲ್ಲಗೆ ತೊಳೆಯಬೇಕು. ಜೋರು ಪ್ರೆಶರ್ ವಾಶ್ ಹಾಕಿದರೆ ತೆಳು ಫಿನ್‌ಗಳು ಮಡಚಿ ಹೋಗ್ತವೆ. ಎಸಿ ಬೇಡದ ದಿನಗಳಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಹಾಕಬೇಕು. ಆಗ ಆಯಿಲ್ ಎಲ್ಲ ಕಡೆ ಹರಿದು ಕಂಪ್ರೆಸರ್ ಸೀಲ್ ಒಣಗುವುದಿಲ್ಲ. ನೀರು ಹೋಗುವ ಪೈಪ್ ಕಟ್ಟಿದರೆ ಕಾಲಡಿಯ ಮ್ಯಾಟ್ ಒದ್ದೆಯಾಗ್ತದೆ, ತಂತಿ ಹಾಕಿ ತೆರೆದರೆ ಸಾಕು.

ಯುವಕರಿಗೆ ಇದರಲ್ಲಿ ಕೆಲಸವೂ ಉಂಟು

ಗಲ್ಫ್‌ನಲ್ಲಿ ಎಸಿ ಕೆಲಸ ಮಾಡಿ ಊರಿಗೆ ವಾಪಸ್ ಬಂದವರು ಕರಾವಳಿಯಲ್ಲಿ ಕಡಿಮೆ ಇಲ್ಲ. ಕಟ್ಟಡದ ಎಸಿ ಗೊತ್ತಿದ್ದವರಿಗೆ ವ್ಯಾಕ್ಯೂಮ್, ಗೇಜ್, ಲೀಕ್ ಟೆಸ್ಟ್ ಹೊಸತಲ್ಲ. ಬೆಲ್ಟ್, ಬ್ರಾಕೆಟ್, 12 ವೋಲ್ಟ್ ವಯರಿಂಗ್ ಕಲಿತರೆ ವಾಹನದ ಎಸಿಗೂ ಕೈ ಹಾಕಬಹುದು. ಹೊಸದಾಗಿ ಕಲಿಯುವವರಿಗೆ ಐಟಿಐಯಲ್ಲಿ ರೆಫ್ರಿಜರೇಶನ್ ಮತ್ತು ಏರ್ ಕಂಡಿಶನಿಂಗ್ ಎರಡು ವರ್ಷದ ಟ್ರೇಡ್ ಉಂಟು. ದೊಡ್ಡ ಲಾರಿಗಳಿಗೆ ಎಸಿ ಕಡ್ಡಾಯವಾದ ಮೇಲೆ ಈ ಕೆಲಸ ಬಲ್ಲವರಿಗೆ ಬೇಡಿಕೆ ಇನ್ನೂ ಹೆಚ್ಚಬೇಕು.

ಗ್ಯಾರೇಜಿನಲ್ಲಿ ಕೇಳಬೇಕಾದ ಆರು ಪ್ರಶ್ನೆ

ಒಂದು, ಈ ಎಂಜಿನ್‌ಗೆ ಬ್ರಾಕೆಟ್ ರೆಡಿ ಸಿಗ್ತದಾ ಅಥವಾ ವೆಲ್ಡಿಂಗ್ ಮಾಡಿ ತಯಾರಿಸುವುದಾ? ಎರಡು, ಪ್ರೆಶರ್ ಸ್ವಿಚ್, ಥರ್ಮೋಸ್ಟಾಟ್ ಕಿಟ್‌ನಲ್ಲಿ ಉಂಟಾ? ಮೂರು, ಆಲ್ಟರ್ನೇಟರ್ ಎಷ್ಟು ಆಂಪ್ ಎಂದು ನೋಡಿದ್ದೀರಾ? ನಾಲ್ಕು, ವ್ಯಾಕ್ಯೂಮ್ ಎಷ್ಟು ಹೊತ್ತು ಇಡ್ತೀರಿ? ಐದು, ಗ್ಯಾಸ್ ಯಾವುದು, ತೂಕ ಮಾಡಿ ಹಾಕ್ತೀರಾ? ಆರು, ಬಿಲ್ ಮತ್ತು ಗ್ಯಾರಂಟಿ ಬರಹದಲ್ಲಿ ಕೊಡ್ತೀರಾ?

ಆರಕ್ಕೂ ನೇರ ಉತ್ತರ ಕೊಡುವ ಮೆಕ್ಯಾನಿಕ್ ಸಿಕ್ಕಿದರೆ, ಗಾಡಿಯ ಎಂಜಿನ್ ಗಟ್ಟಿ ಇದ್ದರೆ, ಇನ್ನೂ ಮೂರು ವರ್ಷ ಓಡಿಸುವ ಮನಸ್ಸಿದ್ದರೆ ಎಸಿ ಹಾಕಿಸಬಹುದು. ಇದರಲ್ಲಿ ಒಂದು ಇಲ್ಲದಿದ್ದರೂ ಸದ್ಯಕ್ಕೆ ರಬ್ಬರ್ ಬೀಡಿಂಗ್, ಇನ್ಸುಲೇಶನ್, ಒಂದು ಒಳ್ಳೆ ಫ್ಯಾನ್ ಹಾಕಿಸಿ, ಉಳಿದ ದುಡ್ಡನ್ನು ಮುಂದಿನ ಗಾಡಿಗೆಂದು ತೆಗೆದಿಡುವುದೇ ಜಾಣತನ.